ಕೊಬ್ಬಿಸುವ ಹೋರಿಗಳಲ್ಲಿ ಕ್ಯಾಲ್ಸಿಯಂ ಏರುಪೇರು: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಕಾಳು ಜಾಸ್ತಿ ತಿನ್ನಿಸಿ ಮಾಂಸಕ್ಕಾಗಿ ಕೊಬ್ಬಿಸುವ ಹೋರಿ ಕುಂಟಿದರೆ, ಮೇವು ಬಿಟ್ಟರೆ, ಮಣ್ಣು ನೆಕ್ಕಿದರೆ ಎಲ್ಲರೂ ಹೇಳುವುದು ಒಂದೇ ಮಾತು: ಕ್ಯಾಲ್ಸಿಯಂ ಕಮ್ಮಿ ಆಗಿದೆ. ಕೆಲವು ಸಲ ಅದು ನಿಜವೇ. ಆದರೆ ಎಷ್ಟೋ ಸಲ ಕ್ಯಾಲ್ಸಿಯಂ ಪುಡಿ ಮೇವಿಗೆ ಬಿದ್ದಿರುತ್ತದೆ, ಹೋರಿಯ ಬಾಯಿಗೆ ಹೋಗಿರುವುದಿಲ್ಲ. ಇಲ್ಲವೇ ಬಾಯಿಗೂ ಹೋಗಿರುತ್ತದೆ, ಜೊತೆಗೆ ರಂಜಕ (ಫಾಸ್ಫರಸ್) ಅದಕ್ಕಿಂತ ಜಾಸ್ತಿ ಹೋಗಿರುತ್ತದೆ. ಇನ್ನು ಕೆಲವು ಸಲ ತೊಂದರೆಗೂ ಕ್ಯಾಲ್ಸಿಯಂಗೂ ಸಂಬಂಧವೇ ಇರುವುದಿಲ್ಲ. ಅದಕ್ಕೇ ಇನ್ನೊಂದು ಚೀಲ ತರುವ ಮುಂಚೆ, ಸೂಜಿ ಹಾಕಿಸುವ ಮುಂಚೆ, ಖರ್ಚಿಲ್ಲದ ಪರೀಕ್ಷೆಗಳನ್ನು ಮುಗಿಸಿಕೊಳ್ಳಿ.

ಕಾಯಬಾರದ ಲಕ್ಷಣಗಳು

ಇವುಗಳಲ್ಲಿ ಒಂದು ಕಂಡರೂ ಮುಂದೆ ಓದುವುದು ಬಿಟ್ಟು ಪಶುವೈದ್ಯರಿಗೆ ಫೋನ್ ಮಾಡಿ: ಹೋರಿ ಗಂಜಲ ಹೊಯ್ಯಲು ತಿಣುಕುತ್ತಿದೆ, ಆದರೆ ಬರುತ್ತಿಲ್ಲ ಅಥವಾ ಹನಿಹನಿ ಬರುತ್ತಿದೆ. ಹೊಟ್ಟೆಯ ಅಡಿಭಾಗ ಊದಿಕೊಂಡಿದೆ. ಮೈ ನಡುಗುತ್ತಾ ಬಿದ್ದಿದೆ, ಏಳಲು ಆಗುತ್ತಿಲ್ಲ. ಎಡಗಡೆ ಹೊಟ್ಟೆ ತಮಟೆಯ ಹಾಗೆ ಬಿಗಿದಿದೆ. ಕಣ್ಣು ಕಾಣದವರ ಹಾಗೆ ಗೋಡೆಗೆ ತಲೆ ಒತ್ತಿ ನಿಂತಿದೆ. ಕಾಲು ಮುರಿದ ಹಾಗೆ ಜೋತಾಡುತ್ತಿದೆ.

ಬಿದ್ದಿರುವ, ಸರಿಯಾಗಿ ನುಂಗಲಾಗದ ದನದ ಬಾಯಿಗೆ ಗೊಟ್ಟದಲ್ಲಾಗಲಿ ಬಾಟಲಿಯಲ್ಲಾಗಲಿ ಕ್ಯಾಲ್ಸಿಯಂ ದ್ರಾವಣ ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ದನ ಸಾಯಬಹುದು. ರಕ್ತನಾಳಕ್ಕೆ ಕೊಡುವ ಕ್ಯಾಲ್ಸಿಯಂ ಬೇಗ ಹರಿದರೆ ಹೃದಯವೇ ನಿಲ್ಲುತ್ತದೆ. ಆ ಕೆಲಸ ಎದೆಬಡಿತ ಕೇಳಿಸಿಕೊಳ್ಳುತ್ತಾ ನಿಧಾನವಾಗಿ ಹಾಕಬಲ್ಲ ವೈದ್ಯರದ್ದು, ನಮ್ಮದಲ್ಲ.

ಮೊದಲ ಪರೀಕ್ಷೆ: ಕಾಗದ, ಪೆನ್ನು, ತಕ್ಕಡಿ

ಯಾವ ಲಕ್ಷಣ ಇದ್ದರೂ ಶುರು ಮಾಡುವುದು ಇಲ್ಲಿಂದಲೇ. ಒಂದು ಹೋರಿ ದಿನಕ್ಕೆ ಏನೇನು ಎಷ್ಟೆಷ್ಟು ತಿನ್ನುತ್ತದೆ ಅಂತ ಬರೆಯಿರಿ. ಅಂದಾಜು ಬೇಡ, ತೂಗಿ. ಹಸಿಮೇವು, ರಸಮೇವು (ಸೈಲೇಜ್) ಇದ್ದರೆ ಅದರಲ್ಲಿನ ನೀರನ್ನು ಕಳೆದು ಒಣ ತೂಕ ಹಿಡಿಯಿರಿ, ಇಲ್ಲದಿದ್ದರೆ ಲೆಕ್ಕವೆಲ್ಲ ಹಳ್ಳ ಹಿಡಿಯುತ್ತದೆ.

400 ಕಿಲೋ ತೂಗುವ, ದಿನಕ್ಕೆ ಒಂದು ಕಿಲೋ ಆಸುಪಾಸು ತೂಕ ಏರುತ್ತಿರುವ ಹೋರಿಗೆ ದಿನಕ್ಕೆ ಸುಮಾರು 30ರಿಂದ 35 ಗ್ರಾಂ ಕ್ಯಾಲ್ಸಿಯಂ ಬೇಕು. ಅದು 7.5 ಕಿಲೋ ಮೆಕ್ಕೆಜೋಳ, 1.5 ಕಿಲೋ ಒಣಮೇವು ತಿನ್ನುತ್ತದೆ ಅಂದುಕೊಳ್ಳಿ. ಮೆಕ್ಕೆಜೋಳದಲ್ಲಿ ಕ್ಯಾಲ್ಸಿಯಂ ಇರುವುದು ಶೇ. 0.03ರಷ್ಟು ಮಾತ್ರ, ಅಂದರೆ ಏಳೂವರೆ ಕಿಲೋದಿಂದ ಬರುವುದು ಎರಡು ಗ್ರಾಂ ಚಿಲ್ಲರೆ. ಒಣಮೇವಿನಲ್ಲಿ ಶೇ. 0.3 ಹಿಡಿದರೆ ನಾಲ್ಕೂವರೆ ಗ್ರಾಂ. ಒಟ್ಟು ಏಳು ಗ್ರಾಂ ಕೂಡ ಆಗಲಿಲ್ಲ. ಅದೇ ಮೇವಿನಲ್ಲಿ ರಂಜಕ ಸುಮಾರು 24 ಗ್ರಾಂ ಇದೆ, ಯಾಕೆಂದರೆ ಮೆಕ್ಕೆಜೋಳದಲ್ಲಿ ರಂಜಕ ಶೇ. 0.3ರ ಹತ್ತಿರ. ಇರಬೇಕಾದದ್ದು ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ. ಇಲ್ಲಿರುವುದು ಕಾಲು ಪಾಲಿಗಿಂತ ಸ್ವಲ್ಪ ಮೇಲೆ.

ಈಗ ಈ ಮೇವಿಗೆ 120 ಗ್ರಾಂ ಸುಣ್ಣಕಲ್ಲಿನ ಪುಡಿ ಸೇರಿಸಿ ನೋಡಿ. ಮೇವಿಗೆಂದೇ ಮಾಡಿದ ಒಳ್ಳೆಯ ಪುಡಿಯಲ್ಲಿ ಶೇ. 38ರಷ್ಟು ಕ್ಯಾಲ್ಸಿಯಂ ಇರುತ್ತದೆ, ಆದ್ದರಿಂದ ಅದರಿಂದ 45 ಗ್ರಾಂ ಬಂತು. ಒಟ್ಟು 52 ಗ್ರಾಂ. ರಂಜಕದ ಎರಡು ಪಟ್ಟಿಗಿಂತ ಚೂರು ಜಾಸ್ತಿ. ಒಣ ತೂಕದ ಲೆಕ್ಕದಲ್ಲಿ ಶೇ. 0.6ರ ಹತ್ತಿರ ಬಂದು ನಿಂತಿತು, ಕಾಳು ಜಾಸ್ತಿ ಇರುವ ಮೇವಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿಯೂ ಶೇ. 0.6ರಿಂದ 0.7.

ಇದರ ಬದಲು 120 ಗ್ರಾಂ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಹಾಕಿದ್ದರೆ? ಡಿಸಿಪಿಯಲ್ಲಿ ಕ್ಯಾಲ್ಸಿಯಂ ಶೇ. 23ರಷ್ಟು, ರಂಜಕವೂ ಶೇ. 18. ಒಟ್ಟು ಕ್ಯಾಲ್ಸಿಯಂ 34 ಗ್ರಾಂ, ರಂಜಕ 45 ಗ್ರಾಂ ಮೀರಿತು. ಕ್ಯಾಲ್ಸಿಯಂ ಪ್ರಮಾಣ ಸಾಕಾಯಿತು ಅನ್ನಿಸುತ್ತದೆ, ಆದರೆ ರಂಜಕ ಅದರ ತಲೆ ಮೇಲೆ ಕೂತಿದೆ. ನನ್ನ ಪ್ರಕಾರ ಕೊಬ್ಬಿಸುವ ಕೊಟ್ಟಿಗೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುವ ತಪ್ಪು ಇದೇ. ಹಾಲಿನ ಹಸುವಿಗೆ ಸರಿಹೋಗುವ ಖನಿಜ ಮಿಶ್ರಣವನ್ನು ಕಾಳು ತಿನ್ನುವ ಹೋರಿಗೂ ಕಣ್ಣು ಮುಚ್ಚಿ ಹಾಕುತ್ತಾರೆ. ಕಾಳು, ಬೂಸಾ, ಹಿಂಡಿ ತಿನ್ನುವ ಹೋರಿಗೆ ರಂಜಕದ ಕೊರತೆ ಬರುವುದೇ ಅಪರೂಪ. ಅದಕ್ಕೆ ಬೇಕಿರುವುದು ಬರೀ ಕ್ಯಾಲ್ಸಿಯಂ. ಚೀಲದ ಮೇಲಿನ ಚೀಟಿ ಓದಿ, ರಂಜಕ ಎಷ್ಟಿದೆ ನೋಡಿ.

ಬೂಸಾ ವಿಷಯದಲ್ಲಿ ಇನ್ನೂ ಹುಷಾರು. ಗೋಧಿ ಬೂಸಾದಲ್ಲಿ ರಂಜಕ ಶೇ. 1ರ ಮೇಲೆ ಇರುತ್ತದೆ, ಕ್ಯಾಲ್ಸಿಯಂ ಅದರ ಎಂಟನೇ ಒಂದು ಪಾಲೂ ಇರದು. ಮೇಲಿನ ಲೆಕ್ಕದಲ್ಲಿ 2 ಕಿಲೋ ಮೆಕ್ಕೆಜೋಳ ತೆಗೆದು 2 ಕಿಲೋ ಬೂಸಾ ಹಾಕಿದರೆ, ಸುಣ್ಣಕಲ್ಲಿನ ಪುಡಿ ಅಷ್ಟೇ ಇದ್ದರೂ, ಒಂದು ಪಾಲು ರಂಜಕಕ್ಕೆ ಎರಡಕ್ಕಿಂತ ಮೇಲಿದ್ದ ಕ್ಯಾಲ್ಸಿಯಂ ಪಾಲು ಒಂದೂಕಾಲು, ಒಂದೂವರೆಯ ನಡುವೆ ಇಳಿದುಬಿಡುತ್ತದೆ. ಹತ್ತಿಬೀಜದ ಹಿಂಡಿ, ಕಾಳಿನಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಚರಟ, ಇವೂ ರಂಜಕ ತುಂಬಿದವೇ. ಮೇವು ಬದಲಾದಾಗಲೆಲ್ಲ ಲೆಕ್ಕ ಮತ್ತೆ ಮಾಡಬೇಕು. ಬೇರೆ ದಾರಿ ಇಲ್ಲ.

ಕೊನೆಗೆ, ಅಳೆಯುವ ಡಬ್ಬಿಯನ್ನೇ ತೂಗಿ. ಒಂದೇ ಡಬ್ಬಿಯಲ್ಲಿ ಸುಣ್ಣಕಲ್ಲಿನ ಪುಡಿ ಒಂದು ತೂಕ ಬಂದರೆ ಖನಿಜ ಮಿಶ್ರಣ ಇನ್ನೊಂದು ತೂಕ ಬರುತ್ತದೆ. ಪುಡಿ ಬದಲಾಯಿಸಿ ಡಬ್ಬಿ ಹಳೆಯದನ್ನೇ ಇಟ್ಟುಕೊಂಡರೆ ಲೆಕ್ಕ ತಪ್ಪಿತು ಅಂತಲೇ.

ಲಕ್ಷಣ: ತೊಟ್ಟಿಯ ತಳದಲ್ಲಿ ಬಿಳಿ ಪುಡಿ, ಕೆಲವು ಹೋರಿ ಚೆನ್ನಾಗಿವೆ, ಕೆಲವು ಸೊರಗಿವೆ

ಒಂದೇ ಗುಂಪು, ಒಂದೇ ಮೇವು. ಆದರೂ ಎರಡು ಮೂರು ಹೋರಿ ಮಾತ್ರ ಹಿಂದೆ ಬಿದ್ದಿವೆ. ಇಲ್ಲಿ ಮೊದಲು ಅನುಮಾನಿಸಬೇಕಾದದ್ದು ಮಿಶ್ರಣ. ಸುಣ್ಣಕಲ್ಲಿನ ಪುಡಿ ನುಣುಪು, ಭಾರ. ಒಣ ಕಾಳು, ಒಣ ಮೇವಿನ ಜೊತೆ ಕಲಸಿದರೆ ಅದು ಸಂದಿಗಳಲ್ಲಿ ಜಾರಿ ತಳ ಸೇರುತ್ತದೆ. ಹೋರಿ ಮೇಲಿನ ಕಾಳನ್ನು ನಾಲಗೆಯಲ್ಲಿ ಬಾಚಿಕೊಂಡು, ತಳದ ಪುಡಿಯನ್ನು ಉಸಿರಿನಿಂದ ಊದಿ ಬಿಟ್ಟುಹೋಗುತ್ತದೆ.

ಪರೀಕ್ಷೆ ಸುಲಭ. ಮೇವು ಹಾಕಿದ ತಕ್ಷಣ ತೊಟ್ಟಿಯ ಈ ತುದಿ, ನಡು, ಆ ತುದಿಯಿಂದ ಒಂದೊಂದು ಹಿಡಿ ತೆಗೆಯಿರಿ. ಬೇರೆ ಬೇರೆಯಾಗಿ ಸಣ್ಣ ಜರಡಿ ಹಿಡಿದು, ಕೆಳಗೆ ಬಿದ್ದ ಹುಡಿಯನ್ನು ಗಾಢ ಬಣ್ಣದ ತಟ್ಟೆಯಲ್ಲಿ ಹರಡಿ. ಮೇಲೆ ಸ್ವಲ್ಪ ವಿನೆಗರ್ ಸುರಿಯಿರಿ. ಸುಣ್ಣಕಲ್ಲಿನ ಪುಡಿ ಇದ್ದ ಕಡೆ ಸಣ್ಣ ಸಣ್ಣ ಗುಳ್ಳೆ ಎದ್ದು ನೊರೆ ಬರುತ್ತದೆ. ಒಂದು ತಟ್ಟೆ ಜೋರಾಗಿ ನೊರೆದು ಇನ್ನೊಂದು ಸುಮ್ನೆ ಕೂತಿದ್ದರೆ ಕಲಸಿದ್ದು ಸಮವಾಗಿಲ್ಲ. ಹೋರಿಗಳು ತಿಂದು ಮುಗಿಸಿದ ಮೇಲೆ ತಳದಲ್ಲಿ ಉಳಿದ ಹುಡಿಗೂ ಹೀಗೇ ಮಾಡಿ. ಅದು ಜೋರಾಗಿ ನೊರೆದರೆ ಕ್ಯಾಲ್ಸಿಯಂ ತೊಟ್ಟಿಯಲ್ಲೇ ಉಳಿಯುತ್ತಿದೆ ಅಂತ ಅರ್ಥ. ಒಂದು ಮಾತು, ಮೇವಿಗೆ ಅಡಿಗೆ ಸೋಡಾ ಹಾಕುತ್ತಿದ್ದರೆ ಅದೂ ನೊರೆಯುತ್ತದೆ. ಹಾಗಿದ್ದಾಗ ಹುಡಿಯನ್ನು ಮೊದಲು ನೀರಲ್ಲಿ ಕದಡಿ, ನೀರು ಬಸಿದು ನೋಡಿ. ಸೋಡಾ ಕರಗಿ ಹೋಗುತ್ತದೆ, ಸುಣ್ಣಕಲ್ಲು ಕರಗದೆ ತಳದಲ್ಲಿ ಉಳಿಯುತ್ತದೆ. ಡಿಸಿಪಿಯನ್ನು ಈ ಪರೀಕ್ಷೆಯಿಂದ ಹಿಡಿಯಲು ಆಗದು.

ಸರಿಪಡಿಸುವುದಕ್ಕೆ ಪುಡಿಯನ್ನು ಮೊದಲು ಸ್ವಲ್ಪ ಬೂಸಾ ಅಥವಾ ನುಚ್ಚಿನ ಜೊತೆ ಕಲಸಿಕೊಂಡು ಆಮೇಲೆ ದೊಡ್ಡ ರಾಶಿಗೆ ಸೇರಿಸಿ. ಕಾಕಂಬಿ, ರಸಮೇವು ಅಥವಾ ಒಂದಿಷ್ಟು ನೀರು ಚಿಮುಕಿಸಿದರೆ ಪುಡಿ ಕಾಳಿಗೆ ಅಂಟಿಕೊಳ್ಳುತ್ತದೆ. ಪುಡಿಯನ್ನು ಮೇವಿನ ಮೇಲೆ ಎರಚಿ ಹೋಗುವುದನ್ನು ಬಿಡಿ. ಕಲಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಧೂಳು ಎದೆಗೆ ಒಳ್ಳೆಯದಲ್ಲ.

ಲಕ್ಷಣ: ಗಂಜಲಕ್ಕೆ ತಿಣುಕುವುದು, ಬಾಲ ಅಲ್ಲಾಡಿಸುವುದು, ಹೊಟ್ಟೆಗೆ ಒದ್ದುಕೊಳ್ಳುವುದು

ಇದು ಮೂತ್ರದ ಕಲ್ಲು ಆಗಿರಬಹುದು. ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಲಕ್ಷಣ ಇದು, ಯಾಕೆಂದರೆ ಗಂಟೆಗಳ ಲೆಕ್ಕದಲ್ಲಿ ಹೋರಿ ಕೈತಪ್ಪುತ್ತದೆ.

ಕಾರಣ ಹೀಗಿದೆ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಹೆಚ್ಚಾದ ರಂಜಕ ಜೊಲ್ಲಿನ ಜೊತೆ ಹೊಟ್ಟೆಗೆ ಇಳಿದು ಸೆಗಣಿಯಲ್ಲಿ ಹೋಗುತ್ತದೆ. ಕಾಳು ಜಾಸ್ತಿ, ನಾರು ಕಮ್ಮಿ ಆದಾಗ ಹೋರಿ ಮೆಲುಕು ಹಾಕುವುದು ಕಮ್ಮಿ, ಜೊಲ್ಲೂ ಕಮ್ಮಿ. ಆಗ ರಂಜಕ ಗಂಜಲದ ದಾರಿ ಹಿಡಿಯುತ್ತದೆ. ಅಲ್ಲಿ ಮೆಗ್ನೀಸಿಯಂ, ಅಮೋನಿಯಂ ಜೊತೆ ಸೇರಿ ಮರಳಿನಂಥ ಹರಳಾಗುತ್ತದೆ. ಹೋರಿಯ ಮೂತ್ರನಾಳ ಉದ್ದ, ನಡುವೆ ತಿರುವು ಬೇರೆ. ಹರಳು ಅಲ್ಲೇ ಸಿಕ್ಕಿಕೊಳ್ಳುತ್ತದೆ. ತೀರಾ ಎಳೆಯದರಲ್ಲೇ ಬೀಜ ಒಡೆಸಿದ ಹೋರಿಗಳಲ್ಲಿ ನಾಳ ಇನ್ನೂ ಕಿರಿದು. ಮೇವಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಕರುಳಿನಲ್ಲೇ ರಂಜಕವನ್ನು ಹಿಡಿದು ಹಾಕುತ್ತದೆ, ರಂಜಕ ರಕ್ತಕ್ಕೆ ಹೋಗುವುದು ಕಮ್ಮಿಯಾಗುತ್ತದೆ. ಒಂದಕ್ಕೆ ಎರಡು ಪಾಲು ಅಂತ ಒತ್ತಿ ಹೇಳುವುದು ಇದಕ್ಕೇ.

ಹತ್ತಿರ ಹೋಗಿ ನೋಡಬೇಕಾದದ್ದು: ಗಂಜಲ ಬರುವ ತೊಗಲಿನ ತುದಿಯಲ್ಲಿ ಒಂದು ಕುಚ್ಚು ಕೂದಲಿರುತ್ತದೆ. ಚೆನ್ನಾಗಿರುವ ಹೋರಿಯಲ್ಲಿ ಅದು ಹಸಿಯಾಗಿರುತ್ತದೆ. ಅದು ಪೂರಾ ಒಣಗಿದೆಯಾ, ಕೂದಲಿಗೆ ಬಿಳಿ ಅಥವಾ ಬೂದು ಕಾಳು ಅಂಟಿದೆಯಾ, ಬೆರಳಲ್ಲಿ ಉಜ್ಜಿದರೆ ಮರಳಿನ ಹಾಗೆ ಕರಕರ ಅನ್ನುತ್ತದಾ? ಹಾಗಿದ್ದರೆ ಅನುಮಾನ ಗಟ್ಟಿಯಾಯಿತು. ಒದೆಯುವ ಹೋರಿ ಅದು, ಕಟ್ಟಿ ನಿಲ್ಲಿಸಿ, ಪಕ್ಕದಿಂದ ಹೋಗಿ, ಇನ್ನೊಬ್ಬರು ಜೊತೆಗಿರಲಿ. ಹೋರಿ ನಿಂತ ಜಾಗದಲ್ಲಿ ನೆಲ ಒದ್ದೆ ಇದೆಯಾ ಅಂತಲೂ ನೋಡಿ.

ಮಲಬದ್ಧತೆ ಅಂದುಕೊಂಡು ಬೇಧಿಗೆ ಔಷಧಿ ಕೊಡುವವರಿದ್ದಾರೆ, ಯಾಕೆಂದರೆ ಎರಡರಲ್ಲೂ ತಿಣುಕುವುದು ಒಂದೇ ಥರ ಕಾಣುತ್ತದೆ. ಕೊಡಬೇಡಿ. ಬಲವಂತದಿಂದ ನೀರು ಕುಡಿಸಬೇಡಿ, ಮೂತ್ರ ಜಾಸ್ತಿ ಮಾಡುವ ಔಷಧಿಯೂ ಬೇಡ. ದಾರಿ ಮುಚ್ಚಿರುವಾಗ ಒಳಗೆ ಒತ್ತಡ ಏರಿದರೆ ಮೂತ್ರಕೋಶ ಒಡೆಯುತ್ತದೆ. ಒಡೆದ ಮೇಲೆ ಹೋರಿ ಒಮ್ಮೆಗೇ ಶಾಂತವಾಗುತ್ತದೆ. ನೋವು ಇಳಿಯಿತು, ವಾಸಿಯಾಯಿತು ಅಂತ ಅನ್ನಿಸಬಹುದು. ಅದು ವಾಸಿಯಲ್ಲ. ಮುಂದಿನ ದಿನಗಳಲ್ಲಿ ಹೊಟ್ಟೆಯೊಳಗೆ ಗಂಜಲ ತುಂಬಿಕೊಂಡು ಕೆಳಗೆ ಜೋತು ಬೀಳುತ್ತದೆ.

ಈ ಹಂತದಲ್ಲಿ ಆ ಹೋರಿಗೆ ಸುಣ್ಣಕಲ್ಲಿನ ಪುಡಿ ಹಾಕಿ ಏನೂ ಪ್ರಯೋಜನವಿಲ್ಲ, ಸಿಕ್ಕಿಕೊಂಡ ಹರಳು ಅದರಿಂದ ಕರಗುವುದಿಲ್ಲ. ಪುಡಿ ಬೇಕಿರುವುದು ಉಳಿದವಕ್ಕೆ. ಒಂದಕ್ಕೆ ಕಲ್ಲು ಬಂತೆಂದರೆ ಇಡೀ ಗುಂಪು ಅದೇ ಮೇವು ತಿಂದಿದೆ, ಅಲ್ವಾ? ಅವತ್ತೇ ಲೆಕ್ಕ ಹಾಕಿ ಪ್ರಮಾಣ ಸರಿಪಡಿಸಿ. ಒಣ ತೂಕದ ಶೇ. 1ರಿಂದ 3ರಷ್ಟು ಉಪ್ಪು ಸೇರಿಸಿದರೆ ಹೋರಿ ನೀರು ಜಾಸ್ತಿ ಕುಡಿಯುತ್ತದೆ, ಗಂಜಲ ತೆಳುವಾಗುತ್ತದೆ. ಆದರೆ ಶುದ್ಧ ನೀರು ದಿನವಿಡೀ ಕೈಗೆಟುಕುವಂತಿರಬೇಕು, ನೀರಿಲ್ಲದೆ ಉಪ್ಪು ಹಾಕಿದರೆ ಅದೇ ವಿಷ. ಗಂಜಲವನ್ನು ಹುಳಿ ಮಾಡಲು ಅಮೋನಿಯಂ ಕ್ಲೋರೈಡ್ ಅನ್ನು ಒಣ ತೂಕದ ಶೇ. 0.5ರಷ್ಟು ಬಳಸುವ ರೂಢಿ ಇದೆ, ಅದನ್ನು ವೈದ್ಯರನ್ನು ಕೇಳಿಯೇ ಶುರು ಮಾಡಿ.

ಗಡಸು ನೀರಿನಿಂದಲೇ ಕಲ್ಲು ಬರುತ್ತದೆ ಅಂತ ನೀರನ್ನು ಬೈಯುವುದು ಸರಿಯಲ್ಲ. ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರನ್ನು ದಿನಕ್ಕೆ 40 ಲೀಟರ್ ಕುಡಿದರೂ ಸೇರುವುದು ನಾಲ್ಕೇ ಗ್ರಾಂ. ಹಾಗೆಯೇ ಎಲ್ಲ ಕಲ್ಲೂ ರಂಜಕದ್ದಲ್ಲ. ಬರೀ ಹುಲ್ಲುಗಾವಲಿನಲ್ಲಿ ಮೇದ ದನಗಳಲ್ಲಿ ಸಿಲಿಕಾದ ಕಲ್ಲು ಬರುತ್ತದೆ, ಅದಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಹೊರಗೆ ತೆಗೆದ ಕಲ್ಲು ಸಿಕ್ಕರೆ ಎಸೆಯದೆ ಪ್ರಯೋಗಾಲಯಕ್ಕೆ ಕಳಿಸಿ.

ಲಕ್ಷಣ: ಕುಂಟುವುದು, ಬಿಗಿ ನಡಿಗೆ, ಕೀಲು ಊತ

ಕ್ಯಾಲ್ಸಿಯಂ ಕೊರತೆ ಮೂಳೆಗೆ ಇಳಿಯಲು ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ದೇಹದ ಕ್ಯಾಲ್ಸಿಯಂನಲ್ಲಿ ಶೇ. 98ಕ್ಕೂ ಹೆಚ್ಚು ಇರುವುದೇ ಮೂಳೆ, ಹಲ್ಲುಗಳಲ್ಲಿ. ಮೇವಿನಲ್ಲಿ ಕಮ್ಮಿಯಾದಾಗ ಹೋರಿ ಅಲ್ಲಿಂದ ಸಾಲ ತೆಗೆದುಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ನಿನ್ನೆ ಚೆನ್ನಾಗಿದ್ದು ಇವತ್ತು ಕುಂಟಿದರೆ ಮೊದಲು ಗೊರಸು ಎತ್ತಿ ನೋಡಿ. ಕಲ್ಲು ಚುಚ್ಚಿದೆಯಾ, ಬೆರಳ ಸಂದಿ ಕೊಳೆತಿದೆಯಾ, ಗೊರಸಿನ ಮೇಲಂಚು ಬಿಸಿಯಾಗಿದೆಯಾ.

ಎರಡನೆಯದು ಸೆಗಣಿ. ತೆಳ್ಳಗೆ, ಬೂದು ಬಣ್ಣಕ್ಕೆ, ಗುಳ್ಳೆಗಳ ಜೊತೆ ಬಿದ್ದಿದೆ, ಹುಳಿ ವಾಸನೆ ಇದೆ, ಅರೆಯದ ಕಾಳು ಕಾಣುತ್ತದೆ ಅಂದರೆ ಹೊಟ್ಟೆ ಹುಳಿಯಾಗಿದೆ. ಕಾಳನ್ನು ಬೇಗ ಬೇಗ ಏರಿಸಿದಾಗ ಹೀಗಾಗುತ್ತದೆ, ಅದರ ಬೆನ್ನಿಗೇ ಗೊರಸಿನ ಉರಿಯೂತ ಬಂದು ಹೋರಿ ಕುಂಟುತ್ತದೆ. ಇದಕ್ಕೆ ಮದ್ದು ನಾರಿನ ಮೇವು ಹೆಚ್ಚಿಸಿ ಕಾಳು ಇಳಿಸುವುದು. ಸುಣ್ಣಕಲ್ಲಿನ ಪುಡಿ ಹೊಟ್ಟೆಯ ಹುಳಿ ಕಮ್ಮಿ ಮಾಡುತ್ತದೆ ಅಂತ ನಂಬಿ ಜಾಸ್ತಿ ಸುರಿಯಬೇಡಿ. ಅದು ಮೊದಲ ಹೊಟ್ಟೆಯಲ್ಲಿ ಕರಗುವುದು ತುಂಬಾ ನಿಧಾನ, ಆ ಕೆಲಸಕ್ಕೆ ಅದರ ಬಲ ಸಾಲದು.

ಇವೆರಡೂ ಅಲ್ಲ, ಬೆಳೆಯುವ ವಯಸ್ಸಿನ ಹಲವು ಹೋರಿಗಳು ಒಟ್ಟಿಗೆ ಬಿಗಿಯಾಗಿ ನಡೆಯುತ್ತಿವೆ, ಬೆನ್ನು ಬಾಗಿದೆ, ಮೊಣಕಾಲಿನ ಕೀಲು ದಪ್ಪಗಾಗಿವೆ, ಸಣ್ಣ ಪೆಟ್ಟಿಗೂ ಮೂಳೆ ಮುರಿದಿದೆ ಅಂದರೆ ಆಗ ಕ್ಯಾಲ್ಸಿಯಂ ಕಡೆ ನೋಡಿ. ಜೊತೆಗೆ ಡಿ ಜೀವಸತ್ವವನ್ನೂ ಕೇಳಿಕೊಳ್ಳಿ. ಸದಾ ಚಾವಣಿಯ ಕೆಳಗಿದ್ದು ಬಿಸಿಲನ್ನೇ ಕಾಣದ ಹೋರಿಗೆ ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಮೈಗೆ ಹತ್ತುವುದು ಕಮ್ಮಿ. ನೇಪಿಯರ್ ಜಾತಿಯ ಹುಲ್ಲುಗಳಲ್ಲಿ, ಭತ್ತದ ಹುಲ್ಲಿನಲ್ಲಿ ಆಕ್ಸಲೇಟ್ ಇರುತ್ತದೆ, ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ನಾರಿನ ಮೇವು ಪೂರಾ ಇವೇ ಆಗಿದ್ದರೆ ಕಾಗದದ ಲೆಕ್ಕಕ್ಕಿಂತ ಸ್ವಲ್ಪ ಮೇಲೆಯೇ ಇಟ್ಟುಕೊಳ್ಳಬೇಕು.

ಲಕ್ಷಣ: ಮೇವು ಕಮ್ಮಿ ತಿನ್ನುತ್ತದೆ, ತೂಕ ಏರುತ್ತಿಲ್ಲ, ಚರ್ಮ ಒರಟಾಗಿದೆ

ಇದು ಕ್ಯಾಲ್ಸಿಯಂ ಜಾಸ್ತಿ ಆದಾಗಲೂ ಆಗಬಹುದು. ಮೇವಿನ ಒಣ ತೂಕದಲ್ಲಿ ಶೇ. 1 ದಾಟಿದರೆ ಲಾಭವಿಲ್ಲ, ಶೇ. 1.5 ದಾಟಬಾರದು. ಪುಡಿ ಜಾಸ್ತಿಯಾದರೆ ಮೇವಿನ ರುಚಿ ಕೆಡುತ್ತದೆ. ಸತು, ಮೆಗ್ನೀಸಿಯಂ, ರಂಜಕ ಮೈಗೆ ಹತ್ತುವುದಕ್ಕೂ ಅಡ್ಡಿ. ಸತು ಕಮ್ಮಿಯಾದರೆ ಕತ್ತು, ಮೂತಿ, ಕಾಲಿನ ಚರ್ಮ ದಪ್ಪಗಾಗಿ ಹೊಟ್ಟು ಏಳುತ್ತದೆ, ಗಾಯ ಬೇಗ ಆರುವುದಿಲ್ಲ. ಕೊಟ್ಟಿಗೆಯಲ್ಲಿ ಕ್ಯಾಲ್ಸಿಯಂ ಎಷ್ಟು ದಾರಿಯಿಂದ ಬರುತ್ತಿದೆ ಎಣಿಸಿ: ಸಿದ್ಧ ಪಶು ಆಹಾರ, ಖನಿಜ ಮಿಶ್ರಣ, ಸುಣ್ಣಕಲ್ಲಿನ ಪುಡಿ, ನೆಕ್ಕುವ ಗಡ್ಡೆ, ಮೇಲೆ ಕುದುರೆಮೆಂತೆ (ಲೂಸರ್ನ್). ಕುದುರೆಮೆಂತೆಯ ಒಣಹುಲ್ಲಿನಲ್ಲೇ ಶೇ. 1.4ರಷ್ಟು ಕ್ಯಾಲ್ಸಿಯಂ ಇದೆ. ಅದನ್ನು ಧಾರಾಳವಾಗಿ ಹಾಕುವವರಿಗೆ ಬೇರೆ ಪುಡಿಯ ಅಗತ್ಯವೇ ಬೀಳದಿರಬಹುದು. ಜಂತು, ನೀರಿನ ಕೊರತೆ, ಬೂಷ್ಟು ಹಿಡಿದ ಮೇವು, ಇವನ್ನೂ ಮರೆಯಬೇಡಿ.

ಲಕ್ಷಣ: ಮಣ್ಣು, ಗೋಡೆ, ಕಟ್ಟಿಗೆ ನೆಕ್ಕುವುದು

ಹೆಚ್ಚಿನ ಸಲ ಇದು ಉಪ್ಪಿನ ಅಥವಾ ನಾರಿನ ಕೊರತೆ. ಬರೀ ಒಣಹುಲ್ಲು ತಿನ್ನುವ ದನದಲ್ಲಿ ರಂಜಕದ ಕೊರತೆ. ಮೊದಲು ಉಪ್ಪು ಇಟ್ಟು ನೋಡಿ.

ಲಕ್ಷಣ: ದೂರದಿಂದ ಲಾರಿಯಲ್ಲಿ ತಂದ ಹೋರಿ ನಡುಗುತ್ತದೆ, ತೂರಾಡುತ್ತದೆ

ಮೇವು ನೀರಿಲ್ಲದೆ ಉದ್ದ ಪ್ರಯಾಣ ಮಾಡಿದ ದನದಲ್ಲಿ ರಕ್ತದ ಕ್ಯಾಲ್ಸಿಯಂ, ಮೆಗ್ನೀಸಿಯಂ ದಿಢೀರ್ ಇಳಿಯಬಹುದು. ಚಡಪಡಿಕೆ, ಹಲ್ಲು ಕಡಿಯುವುದು, ನಡುಕ, ಆಮೇಲೆ ಬೀಳುವುದು. ಇದು ನಿಜವಾಗಿಯೂ ತುರ್ತು ಚಿಕಿತ್ಸೆ ಬೇಕಾದ ಕ್ಯಾಲ್ಸಿಯಂ ಕೊರತೆ. ವೈದ್ಯರು ಬರುವವರೆಗೆ ನೆರಳಿನಲ್ಲಿ, ಗದ್ದಲವಿಲ್ಲದ ಕಡೆ, ಎದೆಯ ಮೇಲೆ ಕೂರುವಂತೆ ಆಸರೆ ಕೊಟ್ಟು ಬಿಡಿ. ಕೋಲಿನಿಂದ ಎಬ್ಬಿಸಲು ಹೋಗಬೇಡಿ.

ರಕ್ತ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಬಿದ್ದ ಹೋರಿಗೆ ರಕ್ತ ಪರೀಕ್ಷೆ ಉಪಯುಕ್ತ. ಆದರೆ ನಿಧಾನವಾಗಿ ಸೊರಗುತ್ತಿರುವ ಹೋರಿಯ ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಅಂತ ವರದಿ ಬಂದರೆ ನೆಮ್ಮದಿ ಪಡಬೇಡಿ. ಮೂಳೆಯಿಂದ ಎಳೆದುಕೊಂಡು ರಕ್ತದ ಮಟ್ಟವನ್ನು ದೇಹ ಕಾಪಾಡಿಕೊಳ್ಳುತ್ತದೆ, ಮೂಳೆ ಟೊಳ್ಳಾಗುವವರೆಗೂ ವರದಿ ಚೆನ್ನಾಗಿಯೇ ಬರಬಹುದು. ಅದೇ ದುಡ್ಡನ್ನು ಮೇವಿನ ಪರೀಕ್ಷೆಗೆ ಹಾಕಿ. ತೊಟ್ಟಿಯ ಐದಾರು ಕಡೆಯಿಂದ ತೆಗೆದ ಮಾದರಿಯನ್ನು ಕಲಸಿ ಕಳಿಸಿ, ಕ್ಯಾಲ್ಸಿಯಂ, ರಂಜಕ, ಮೆಗ್ನೀಸಿಯಂ, ಗಂಧಕ ನಾಲ್ಕನ್ನೂ ಕೇಳಿ. ಹೋರಿ ಸತ್ತರೆ ಮರಣೋತ್ತರ ಪರೀಕ್ಷೆ ಮಾಡಿಸಿ, ಪಕ್ಕೆಲುಬಿನ ಮಾದರಿ ಕಳಿಸಲು ಹೇಳಿ. ಉಳಿದವುಗಳಿಗೆ ಅದರಿಂದ ಸಿಗುವ ಮಾಹಿತಿ ಬೇರೆ ಎಲ್ಲೂ ಸಿಗದು.

ಪುಡಿ ಆರಿಸುವಾಗ

ಗೋಡೆಗೆ ಬಳಿಯುವ ಸುಣ್ಣ, ಸುಟ್ಟ ಸುಣ್ಣ ಮೇವಿಗೆ ಬೇಡವೇ ಬೇಡ, ಬಾಯಿ, ಗಂಟಲು, ಕಣ್ಣು ಸುಡುತ್ತವೆ. ಜಿಪ್ಸಂನಲ್ಲಿ ಕ್ಯಾಲ್ಸಿಯಂ ಇದೆ ನಿಜ, ಗಂಧಕವೂ ಶೇ. 18ರಷ್ಟಿದೆ. ಕಾಳು ಜಾಸ್ತಿ ಇರುವ ಮೇವಿನಲ್ಲಿ ಒಟ್ಟು ಗಂಧಕ ಶೇ. 0.3 ದಾಟಿದರೆ ಮಿದುಳಿಗೆ ಪೆಟ್ಟು ಬೀಳಬಹುದು, ಮೊದಲೇ ಹೇಳಿದ ಗೋಡೆಗೆ ತಲೆ ಒತ್ತುವ ಲಕ್ಷಣ ಅದರದ್ದೂ ಹೌದು. ಗೊಬ್ಬರಕ್ಕೆ ಬಳಸುವ ರಂಜಕದ ಕಲ್ಲಿನ ಪುಡಿಯಲ್ಲಿ ಫ್ಲೋರಿನ್ ಇರುತ್ತದೆ, ಹಲ್ಲು ಕೆಟ್ಟು ಕುಂಟು ಶುರುವಾಗುತ್ತದೆ. ಡೊಲೊಮೈಟ್ ಕೂಡ ಸುಣ್ಣಕಲ್ಲಿನ ಬದಲಿಯಲ್ಲ, ಅದರಲ್ಲಿ ಕ್ಯಾಲ್ಸಿಯಂ ಕಮ್ಮಿ, ಮೆಗ್ನೀಸಿಯಂ ಜಾಸ್ತಿ. ಮಾಂಸ, ಮೂಳೆಯ ಹಿಟ್ಟನ್ನು ದನಕ್ಕೆ ಹಾಕುವುದು ಹುಚ್ಚು ಹಸು ರೋಗದ ಕಾರಣಕ್ಕೆ ಎಷ್ಟೋ ದೇಶಗಳಲ್ಲಿ ನಿಷಿದ್ಧ. ಮೇವಿಗೆಂದೇ ಮಾರುವ ಸುಣ್ಣಕಲ್ಲಿನ ಪುಡಿ ಅಥವಾ ಕಪ್ಪೆಚಿಪ್ಪಿನ ಪುಡಿ ಸಾಕು.

ಪ್ರಮಾಣ ಬದಲಾಯಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ತಾರೀಖು ಬರೆದಿಡಿ. ಕಾಳನ್ನೂ ಪುಡಿಯನ್ನೂ ಉಪ್ಪನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದಿಲ್ಲ. ಗುಂಪಿನಲ್ಲಿ ಕಲ್ಲು ಕಂಡುಬಂದಿದ್ದರೆ ಮಾತ್ರ ಈ ನಿಯಮ ಬಿಡಿ: ಅಲ್ಲಿ ಕ್ಯಾಲ್ಸಿಯಂ, ಉಪ್ಪು, ನೀರು ಮೂರನ್ನೂ ಅವತ್ತೇ ಸರಿಪಡಿಸಿ, ಮುಂದಿನ ಎರಡು ವಾರ ಪ್ರತಿ ಹೋರಿಯೂ ಗಂಜಲ ಹೊಯ್ಯುವುದನ್ನು ದಿನಕ್ಕೊಮ್ಮೆಯಾದರೂ ಕಣ್ಣಾರೆ ನೋಡಿ.